ಟೊಬರ್ಮೋರಿಯ ಅರೇಬಿಯಾ

ನಮ್ ಕಡೆ ಡೈವಿಂಗ್ ಅಂದ್ರೆ ಮುರುಡೇಶ್ವರ, ನೇತ್ರಾಣಿ, ಬೆಚ್ಚಗಿನ ನೀರು. ಟೊರೊಂಟೊಗೆ ಬಂದ್ಮೇಲೆ ಡ್ರೈಸೂಟ್, ಅಂದ್ರೆ ಒಳಗೆ ನೀರು ಬಿಡದ ಡೈವಿಂಗ್ ಉಡುಪು, ಹಾಕೋದು ಕಲಿತು ವರ್ಷಗಳಾಯ್ತು, ತಣ್ಣೀರೇ ರೂಢಿ ಆಗ್ಬಿಟ್ಟಿದೆ, ಆದ್ರೂ ಹ್ಯೂರಾನ್ ಸರೋವರದ ದಡದ ಟೊಬರ್ಮೋರಿಗೆ ಹೋಗಿ ಅಲ್ಲಿ ಮುಳುಗಿರೋ ಅರೇಬಿಯಾ ಅನ್ನೋ ಹಡಗಿಗೆ ಇಳೀಬೇಕು ಅಂದ್ರೆ ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಹತ್ತಲ್ಲ. ಅಲ್ಲಿ ಡೈವರ್‌ಗಳು ಸತ್ತಿದ್ದಾರೆ, ಆಳ ಮೂವತ್ಮೂರು ಮೀಟರ್ ಹತ್ರ.

ಮೂರು ಕಂಬದ ಹಾಯಿಹಡಗು ಅದು, 1853ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಕಟ್ಟಿದ್ದು, 1884ರ ಅಕ್ಟೋಬರಲ್ಲಿ ಮೆಕ್ಕೆಜೋಳ ತುಂಬ್ಕೊಂಡು ಬರ್ತಾ ಮುಳುಗ್ತು. 1971ರ ತನಕ ಎಲ್ಲಿದೆ ಅಂತ್ಲೇ ಗೊತ್ತಿರ್ಲಿಲ್ಲ.

ಜೂನ್ ತಿಂಗಳು, ಮೇಲೆ ಬಿಸಿಲು, ಬೋಟಲ್ಲಿ ಡ್ರೈಸೂಟ್ ಒಳಗೆ ಬೆವರು. ನೀರಿಗೆ ಬಿದ್ದ ತಕ್ಷಣ ತುಟಿ ಮರಗಟ್ತು, ಹಣೆ ಸಿಡಿಯೋ ಹಂಗೆ ನೋವು, ಒಂದೆರಡು ನಿಮಿಷ ಅಷ್ಟೇ, ಆಮೇಲೆ ಏನೂ ಗೊತ್ತಾಗಲ್ಲ. ಬೋಟ್ ಮೇಲೆ ನಿಂತು ರೆಗ್ಯುಲೇಟರಲ್ಲಿ, ಅಂದ್ರೆ ಸಿಲಿಂಡರ್ ಗಾಳಿ ಬಾಯಿಗೆ ಕೊಡೋ ಸಾಧನದಲ್ಲಿ, ಸುಮ್ನೆ ಉಸಿರಾಡ್ಬೇಡ ಅಂತ ನನ್ನ ಬಡ್ಡಿಗೆ, ಜೊತೆಗೆ ಇಳಿಯೋ ಗೆಳೆಯನಿಗೆ, ಮೊದ್ಲೇ ಹೇಳಿದ್ದೆ, ಯಾಕಂದ್ರೆ ಉಸಿರಿನ ತೇವ ಒಳಗೆ ಉಳಿದು ಕೆಳಗೆ ಹೆಪ್ಪುಗಟ್ಟಿದ್ರೆ ಫ್ರೀ ಫ್ಲೋ ಶುರುವಾಗುತ್ತೆ, ಗಾಳಿಯೆಲ್ಲ ಬುಸುಬುಸು ಅಂತ ಹೊರಗೆ ಹೋಗ್ತಾ ಇರುತ್ತೆ, ಅಷ್ಟು ಆಳದಲ್ಲಿ ಸಿಲಿಂಡರ್ ಖಾಲಿಯಾಗೋಕೆ ಎಷ್ಟೊತ್ತು ಬೇಕು ಹೇಳಿ.

ಬೋಟ್ ಕಟ್ಟೋ ಹಗ್ಗ, ಮೂರಿಂಗ್ ಲೈನ್, ಹಿಡ್ಕೊಂಡು ಇಳಿದ್ವಿ. ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್‌ನಲ್ಲಿ ನೀರು 4 ಡಿಗ್ರಿ. ಹಸಿರು ಕತ್ತಲಲ್ಲಿ ಮೊದ್ಲು ಕಂಡಿದ್ದು ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿರೋ ಉದ್ದನೆ ಮರ, ಇನ್ನೂ ಹಂಗೇ ಇದೆ! ಪಕ್ಕದಲ್ಲಿ ಲಂಗರು. ಟಾರ್ಚ್ ಹತ್ರ ಹಿಡಿದ್ರೆ ಹಲಗೆ ಹಲಗೆ ಸೇರೋ ಸಂದು ಕಾಣುತ್ತೆ, ಅದರ ಮೇಲೆ ಒತ್ತೊತ್ತಾಗಿ ಚಿಪ್ಪುಗಳು, ಈಚೆಗೆ ಬಂದು ಸೇರ್ಕೊಂಡಿರೋ ಮಸಲ್‌ಗಳು. ಸಮುದ್ರದಲ್ಲಾಗಿದ್ರೆ ಮರ ಕೊರೆಯೋ ಹುಳ ಇಷ್ಟೊತ್ತಿಗೆ ಪುಡಿ ಮಾಡಿರೋದು. ಇದು ಸಿಹಿನೀರು, ಆ ಹುಳ ಇಲ್ಲಿ ಬದುಕಲ್ಲ, ಚಳಿಗೆ ಕೊಳೆಯೋದೂ ನಿಧಾನ. ನಮ್ಮ ಕೈ ಮರಗಟ್ಟಿಸೋ ಚಳಿನೇ ಹಡಗನ್ನ ಕಾಯ್ತಿರೋದು.

ಒಳಗೆ ನುಗ್ಗಲಿಲ್ಲ, ಒದ್ದಾಡಿ ಕೆಸರು ಎಬ್ಸಿದ್ರೆ ಹೋದ್ವಿ ಅಷ್ಟೇ. ಬೆರಳು ಸರಿಯಾಗಿ ಮಡಚೋಕೆ ಆಗ್ತಿರ್ಲಿಲ್ಲ, ಬಡ್ಡಿ ಹೆಬ್ಬೆರಳು ಮೇಲೆತ್ತಿದ, ಮೇಲೆ ಹೋಗೋಣ ಅನ್ನೋ ಸನ್ನೆ ಅದು, ಹತ್ತಿದ್ವಿ. ಐದು ಮೀಟರಲ್ಲಿ ಸೇಫ್ಟಿ ಸ್ಟಾಪ್, ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗ್ಲಿ ಅಂತ ನಿಲ್ಲೋದು, ಆ ಮೂರು ನಿಮಿಷ ಇದೆಯಲ್ಲ, ಇಡೀ ಡೈವಿಗಿಂತ ಉದ್ದ.

ಮಧ್ಯಾಹ್ನ ಅಲ್ಲೇ ಬಿಗ್ ಟಬ್ ಹಾರ್ಬರ್‌ನಲ್ಲಿರೋ ಸ್ವೀಪ್‌ಸ್ಟೇಕ್ಸ್ ಅನ್ನೋ ಇನ್ನೊಂದು ಹಡಗು ನೋಡೋಕೆ ಹೋದ್ವಿ, 1885ರಲ್ಲಿ ಮುಳುಗಿದ್ದು, ಬರೀ ಆರೇಳು ಮೀಟರ್ ಕೆಳಗೆ. ಅದಕ್ಕೆ ಟೂರಿಸ್ಟ್ ಬೋಟ್‌ಗಳ ಸಾಲು, ಗಾಜಿನ ತಳದಿಂದ ಇಣುಕೋ ಮಕ್ಕಳು. ಬಡ್ಡಿ ಇನ್ನೊಂದ್ಸಲ ಡ್ರೈಸೂಟ್ ಹಾಕೋ ಮಾತೇ ಇಲ್ಲ ಅಂದ. ಟಿಕೆಟ್ ತಗೊಂಡು ನಾವೂ ಬೋಟ್ ಹತ್ತಿದ್ವಿ.