ರುಬಿನೆತ್ತೊ ಸೋರುತ್ತಿದೆ ಎಂದು ಹೇಳಲು ಕಲಿತದ್ದು

ರೋಮ್ ನಗರದ ಬಾಡಿಗೆ ಮನೆಗೆ ಬಂದ ಮೊದಲ ಬೆಳಗ್ಗೆ, ಮುಖ ತೊಳೆಯಲೆಂದು ‘ಸಿ’ ಅಕ್ಷರವಿದ್ದ ನಲ್ಲಿಯನ್ನು ತಿರುಗಿಸಿದೆ. ಅದು ತಣ್ಣೀರಿನ ಗುರುತೆಂದು ನಂಬಿದ್ದೆ. ಸ್ವಲ್ಪ ಹೊತ್ತಿನಲ್ಲೇ ಕೈ ಸುಟ್ಟಿತು. ಇಟಾಲಿಯನ್ನಿನಲ್ಲಿ ‘ಸಿ’ ಎಂಬುದು ‘ಕಾಲ್ದಾ’, ಅಂದರೆ ಬಿಸಿ. ತಣ್ಣೀರಿಗೆ ‘ಎಫ್’, ‘ಫ್ರೆದ್ದಾ’. ನೀರಿಗಿರುವ ‘ಆಕ್ಕ್ವಾ’ ಎಂಬ ಪದ ಸ್ತ್ರೀಲಿಂಗವಾದ್ದರಿಂದ ಈ ಎರಡು ವಿಶೇಷಣಗಳೂ ಅದರ ಜೊತೆಗೆ ‘ಆ’ಕಾರದಲ್ಲಿ ಮುಗಿಯುತ್ತವೆ. ವ್ಯಾಕರಣದ ಪಾಠಗಳನ್ನು ಬದಿಗಿಟ್ಟು, ಮನೆಯೊಳಗಿನ ನೀರಿನ ಮಾತುಗಳನ್ನು ಮೊದಲು ಕಲಿಯಬೇಕೆಂದು ನಿಶ್ಚಯಿಸಿದ್ದು ಅಂದೇ.

ನಲ್ಲಿಗೆ ‘ರುಬಿನೆತ್ತೊ’ ಎನ್ನುತ್ತಾರೆ. ಅದು ಫ್ರೆಂಚಿನಿಂದ ಬಂದ ಪದ. ಹಿಂದೆ ನಲ್ಲಿಯ ಮೂತಿಯನ್ನು ಟಗರಿನ ತಲೆಯಂತೆ ಎರಕ ಹೊಯ್ಯುತ್ತಿದ್ದರೆಂದು, ಆ ಪ್ರಾಣಿಯನ್ನು ಮುದ್ದಿನಿಂದ ಕರೆಯುತ್ತಿದ್ದ ‘ರೊಬಿನ್’ ಎಂಬ ಹೆಸರೇ ನಲ್ಲಿಗೂ ಅಂಟಿಕೊಂಡಿತೆಂದು ಹೇಳುತ್ತಾರೆ. ಕನ್ನಡ ಬಲ್ಲವರಿಗೆ ಈ ಪದಗಳ ಉಚ್ಚಾರಣೆಯಲ್ಲಿ ದೊಡ್ಡ ಅನುಕೂಲವಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಹನಿಗೆ ‘ಗೊಚ್ಚಾ’, ಷವರಿಗೆ ‘ದೊಚ್ಚಾ’, ಸಿಂಕಿನ ಬಿರಡೆಗೆ ‘ತಾಪ್ಪೊ’: ಎಲ್ಲದರಲ್ಲೂ ದ್ವಿತ್ವವಿದೆ, ಮತ್ತು ‘ಹತ್ತು’, ‘ಅಕ್ಕಿ’ ಎಂದು ದಿನವೂ ಒತ್ತಿ ನುಡಿಯುವ ನಾಲಿಗೆಗೆ ಅದು ಹೊಸದೇನಲ್ಲ. ಕೈತೊಳೆಯುವ ಬೇಸಿನ್ನಿಗೆ ‘ಲವಂದೀನೊ’, ಅಡುಗೆಮನೆಯ ಸಿಂಕಿಗೆ ‘ಲವೆಲ್ಲೊ’. ಬೀದಿಯಲ್ಲೂ ಪಾಠ ಮುಂದುವರಿಯಿತು: ರೋಮಿನಲ್ಲಿ 1874ರಿಂದ ಇರುವ ಎರಕದ ಕಬ್ಬಿಣದ ಕುಡಿಯುವ ನೀರಿನ ಕಂಬಗಳಿಗೆ, ಅವುಗಳ ಬಾಗಿದ ಕೊಳವೆಯಿಂದಾಗಿ, ‘ನಸೋನೆ’, ಅಂದರೆ ದೊಡ್ಡ ಮೂಗು, ಎಂಬ ಹೆಸರಿದೆ. ಅದರ ಬಾಯಿಗೆ ಬೆರಳು ಒತ್ತಿದರೆ ಕೊಳವೆಯ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಬೇರೆಡೆ ‘ನೊನ್ ಪೊತಾಬಿಲೆ’ ಎಂಬ ಫಲಕ ಕಂಡರೆ ಮಾತ್ರ ಆ ನೀರನ್ನು ಕುಡಿಯಬಾರದು.

ನನಗೆ ಅತ್ಯಂತ ಪ್ರಿಯವಾದ ವಾಕ್ಯ ಸಿಕ್ಕಿದ್ದು ಅಡುಗೆಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿದಾಗ. ‘ಇಲ್ ರುಬಿನೆತ್ತೊ ಪೆರ್ದೆ’, ನಲ್ಲಿ ಸೋರುತ್ತಿದೆ. ‘ಪೆರ್ದೆರೆ’ ಎಂದರೆ ಕಳೆದುಕೊಳ್ಳುವುದು. ಆಟದಲ್ಲಿ ಸೋಲುವುದಕ್ಕೂ ಅದೇ ಕ್ರಿಯಾಪದ. ಕನ್ನಡದಲ್ಲಿ ಸೋರುವುದಕ್ಕೂ ಸೋಲುವುದಕ್ಕೂ ಒಂದೇ ಅಕ್ಷರದ ಅಂತರವಿರುವುದರಿಂದ, ಒಮ್ಮೆ ಕೇಳಿದ ಆ ಪದ ಮತ್ತೆ ಮರೆಯಲಿಲ್ಲ.

ಮರುದಿನ ಬಂದ ‘ಇದ್ರೌಲಿಕೊ’, ಅಂದರೆ ಪ್ಲಂಬರ್, ಹಿಡಿಯನ್ನು ಬಿಚ್ಚಿ ಒಳಗಿನ ರಬ್ಬರ್ ವಾಷರನ್ನು ನನ್ನ ಅಂಗೈ ಮೇಲಿಟ್ಟು ‘ಗ್ವಾರ್ನಿತ್ಸಿಯೋನೆ’ ಎಂದರು. ಅದರ ಅಂಚು ಸವೆದು, ಮೇಲೆಲ್ಲ ಬಿಳಿಯ ಗಟ್ಟಿ ಪದರ ಕಟ್ಟಿತ್ತು. ಉಗುರಿನಿಂದ ಕೆರೆದು ತೋರಿಸಿ ‘ಕಾಲ್ಕಾರೆ’ ಎಂದರು. ಗಡಸು ನೀರು ಬಿಟ್ಟುಹೋಗುವ ಸುಣ್ಣದ ಕಿಟ್ಟ ಅದು. ಹೊಸ ವಾಷರ್ ಕೂರಿಸಿ ನಲ್ಲಿಯನ್ನು ಒಮ್ಮೆ ಬಿಟ್ಟು ನಿಲ್ಲಿಸಿದರು. ಇಬ್ಬರೂ ಅದರ ಮೂತಿಯನ್ನೇ ನೋಡುತ್ತಾ ನಿಂತೆವು. ಹನಿ ಬೀಳಲಿಲ್ಲ. ‘ನೊನ್ ಪೆರ್ದೆ ಪ್ಯೂ’, ಇನ್ನು ಸೋರುವುದಿಲ್ಲ, ಎಂದು ಅವರಿಗಿಂತ ಮೊದಲು ನಾನೇ ಹೇಳಿದೆ.