‘ಒಳ್ಳೆ ಮೆಸೇಜ್ ಇರೋ ಮಕ್ಕಳ ಸಿನಿಮಾ ಹೇಳಿ’ ಅನ್ನುವವರಿಗೆ

ಮಕ್ಕಳ ಸಿನಿಮಾಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ನನ್ನ ಹತ್ತಿರ ಕೇಳುವುದು ಒಂದೇ. "ಪರಿಸರದ ಬಗ್ಗೆನೋ, ಬಡತನದ ಬಗ್ಗೆನೋ ಒಳ್ಳೆ ಮೆಸೇಜ್ ಇರೋ ಸಿನಿಮಾ ಒಂದೆರಡು ಹೇಳಿ, ಮಕ್ಕಳಿಗೆ ತೋರಿಸ್ಬೇಕು." ಮೇಷ್ಟ್ರುಗಳು ಕೇಳುತ್ತಾರೆ, ಅಪ್ಪ ಅಮ್ಮಂದಿರು ಕೇಳುತ್ತಾರೆ. ಪರಿಸರ ದಿನ ಹತ್ತಿರ ಬಂತೆಂದರೆ ಇನ್ನೂ ಜಾಸ್ತಿ.

ನನ್ನ ಉತ್ತರ ಇಷ್ಟೇ: ಮೆಸೇಜ್ ಹುಡುಕಬೇಡಿ, ಆ ಸಿನಿಮಾದಲ್ಲಿರುವ ಮಗುವಿಗೆ ಏನು ಬೇಕು ಅಂತ ನೋಡಿ. ಒಂದು ಜೊತೆ ಶೂ ಬೇಕಾ, ಒಂದು ಸೈಕಲ್ ಬೇಕಾ, ಹಾಗಾದರೆ ಧೈರ್ಯವಾಗಿ ತೋರಿಸಿ. ಮೊದಲ ದೃಶ್ಯದಿಂದಲೇ ಜಗತ್ತನ್ನು ಉಳಿಸಲು ಹೊರಟ ಮಗುವಾದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಇರಾನಿನ ‘ಚಿಲ್ಡ್ರನ್ ಆಫ್ ಹೆವನ್’ ನೋಡಿ. ಮಜೀದ್ ಮಜೀದಿ ನಿರ್ದೇಶಿಸಿದ್ದು, 1997ರದ್ದು. ರಿಪೇರಿಗೆ ಒಯ್ದಿದ್ದ ತಂಗಿಯ ಶೂವನ್ನು ಅಣ್ಣ ಅಲಿ ದಾರಿಯಲ್ಲಿ ಕಳೆದುಕೊಳ್ಳುತ್ತಾನೆ. ಹೊಸದು ಕೊಡಿಸುವಷ್ಟು ದುಡ್ಡು ಅಪ್ಪನ ಹತ್ತಿರ ಇಲ್ಲ ಅಂತ ಇಬ್ಬರಿಗೂ ಗೊತ್ತು, ಹಾಗಾಗಿ ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಅಪ್ಪನ ಎದುರೇ ಕೂತು ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಮಾತಾಡಿಕೊಳ್ಳುತ್ತಾರೆ. ಬೆಳಗಿನ ಶಾಲೆಗೆ ತಂಗಿ ಝಹ್ರಾ ಅಣ್ಣನ ಶೂ ಹಾಕಿಕೊಂಡು ಹೋಗಬೇಕು, ಬಿಟ್ಟ ತಕ್ಷಣ ಓಡಿಬಂದು ಗಲ್ಲಿಯಲ್ಲಿ ಬಿಚ್ಚಿಕೊಡಬೇಕು, ಅವನು ಅದನ್ನು ಮೆಟ್ಟಿಕೊಂಡು ತನ್ನ ಶಾಲೆಗೆ ಓಡಬೇಕು. ಅವಳ ಕಾಲಿಗೆ ಅದು ದೊಡ್ಡದು. ಓಡುವಾಗ ಕಳಚಿ ಚರಂಡಿಗೆ ಬಿದ್ದು ನೀರಲ್ಲಿ ತೇಲಿಕೊಂಡು ಹೋಗುತ್ತದೆ, ಇವಳು ಅದರ ಹಿಂದೆ ಓಡುತ್ತಾಳೆ. ಆ ಶೂ ಸಿಗುತ್ತೋ ಇಲ್ಲವೋ ಅಂತ ಸೀಟಿನ ತುದಿಗೆ ಬಂದು ಕೂತ ಮಗುವಿಗೆ ಬಡತನ ಅಂದರೇನು ಅಂತ ಬೇರೆ ಹೇಳಿಕೊಡಬೇಕಾ?

ಇದಕ್ಕಿಂತ ದೊಡ್ಡ ಜಾಗ ಮುಂದಿದೆ. ಕಳೆದುಹೋದ ತನ್ನ ಶೂವನ್ನು ಝಹ್ರಾ ಶಾಲೆಯಲ್ಲೇ ಇನ್ನೊಬ್ಬ ಹುಡುಗಿಯ ಕಾಲಲ್ಲಿ ನೋಡುತ್ತಾಳೆ. ಹಿಂಬಾಲಿಸಿಕೊಂಡು ಹೋಗಿ ಮನೆ ಪತ್ತೆಮಾಡಿ, ಆಮೇಲೆ ಅಣ್ಣನನ್ನೂ ಕರೆದುಕೊಂಡು ಬರುತ್ತಾಳೆ. ಇಬ್ಬರೂ ಮರೆಯಲ್ಲಿ ನಿಂತು ನೋಡುತ್ತಿರುವಾಗ ಆ ಹುಡುಗಿ ಅಪ್ಪನ ಜೊತೆ ಹೊರಗೆ ಬರುತ್ತಾಳೆ, ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಅಣ್ಣ ತಂಗಿ ಶೂ ಕೇಳದೆ ಹಾಗೇ ವಾಪಸ್ ಹೊರಡುತ್ತಾರೆ. ಹಿನ್ನೆಲೆಯಲ್ಲಿ ಯಾರೂ ‘ನಮಗಿಂತ ಕಷ್ಟದಲ್ಲಿರುವವರೂ ಇದ್ದಾರೆ’ ಅಂತ ಹೇಳುವುದಿಲ್ಲ. ಹೇಳಿದ್ದರೆ ಸಿನಿಮಾ ಅಲ್ಲೇ ಸತ್ತಿರುತ್ತಿತ್ತು.

ಮಗುವಿಗೂ ಅದಕ್ಕೆ ಬೇಕಾದ ವಸ್ತುವಿಗೂ ನಡುವೆ ಯಾವುದು ಅಡ್ಡ ನಿಂತಿದೆಯೋ ಅದೇ ಸಮಾಜ, ನನ್ನ ಲೆಕ್ಕ ಇಷ್ಟೇ. 2012ರ ಸೌದಿ ಸಿನಿಮಾ ‘ವಜ್ದಾ’ದಲ್ಲಿ ಹುಡುಗಿಗೆ ಸೈಕಲ್ ಬೇಕು, ಹೆಣ್ಣುಮಕ್ಕಳು ಸೈಕಲ್ ಹೊಡೆಯಬಾರದು ಅಂತ ಎಲ್ಲರೂ ಅನ್ನುತ್ತಾರೆ, ಅವಳು ದುಡ್ಡಿಗಾಗಿ ಕುರಾನ್ ಪಠಣ ಸ್ಪರ್ಧೆಗೇ ಸೇರಿಕೊಳ್ಳುತ್ತಾಳೆ. (ಇದನ್ನು ನಿರ್ದೇಶಿಸಿದ ಹೈಫಾ ಅಲ್-ಮನ್ಸೂರ್ ಬೀದಿಯಲ್ಲಿ ಗಂಡಸರ ನಡುವೆ ನಿಂತು ಕೆಲಸ ಮಾಡುವಂತಿರಲಿಲ್ಲ, ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ಸೂಚನೆ ಕೊಟ್ಟರು. ಆ ಹುಡುಗಿಯ ಕಥೆಗೂ ಇದಕ್ಕೂ ಏನು ವ್ಯತ್ಯಾಸ, ಅಲ್ವಾ?) ತಮಿಳಿನ ‘ಕಾಕ್ಕಾ ಮುಟ್ಟೈ’ನಲ್ಲಿ ಕೊಳೆಗೇರಿಯ ಇಬ್ಬರು ಹುಡುಗರಿಗೆ ಪಿಜ್ಜಾ ತಿನ್ನಬೇಕು. ಹೇಗೋ ದುಡ್ಡು ಕೂಡಿಸಿದರೂ ಅಂಗಡಿಯೊಳಗೆ ಬಿಡುವುದಿಲ್ಲ, ಹೊಡೆದು ಓಡಿಸುತ್ತಾರೆ. ಆ ಪಿಜ್ಜಾ ಅಂಗಡಿ ಎದ್ದಿರುವ ಜಾಗ ಮೊದಲು ಅವರು ಆಡುತ್ತಿದ್ದ ಬಯಲು. ಅವರು ಕಾಗೆ ಮೊಟ್ಟೆ ತೆಗೆಯುತ್ತಿದ್ದ ಮರವೂ ಅಲ್ಲೇ ಇತ್ತು, ಕಡಿದಿದ್ದಾರೆ. ಪರಿಸರವೂ ಬಡತನವೂ ಬೇರೆ ಬೇರೆ ಪಾಠ ಅಂದುಕೊಂಡವರು ಈ ಸಿನಿಮಾ ನೋಡಬೇಕು.

ಪರಿಸರದ ಸಿನಿಮಾ ಮಾಡುವುದು ಇದಕ್ಕಿಂತ ಕಷ್ಟ. ಶೂ ಇಲ್ಲದ ಕಾಲು ಕಣ್ಣಿಗೆ ಕಾಣುತ್ತದೆ. ಬಿಸಿಯಾಗುತ್ತಿರುವ ಗಾಳಿ ಕಾಣುವುದಿಲ್ಲ, ಕಾಡು ಬಂದು ನನಗೆ ಇಂಥದ್ದು ಬೇಕು ಅಂತ ಹಟ ಮಾಡುವುದಿಲ್ಲ. ಹಾಗಾಗಿ ಕಥೆ ಬರೆಯುವವರು ಏನು ಮಾಡುತ್ತಾರೆ ಅಂದರೆ ಕೈಯಲ್ಲಿ ಗರಗಸ ಕೊಟ್ಟು ಒಬ್ಬ ಖಳನಾಯಕನನ್ನು ತಂದು ನಿಲ್ಲಿಸುತ್ತಾರೆ. ಕೊನೆಗೆ ಅವನು ಸೋಲುತ್ತಾನೆ, ಎಲ್ಲರೂ ಹಾಡುತ್ತಾರೆ, ನೋಡುತ್ತಿದ್ದವರಿಗೆ ತಮ್ಮ ಪಾಲೇನೂ ಇಲ್ಲ ಅನ್ನಿಸಿ ಆರಾಮಾಗಿ ಎದ್ದು ಹೋಗುತ್ತಾರೆ.

‘ದಿ ಲೊರ್ಯಾಕ್ಸ್’ಗೆ ಆಗಿದ್ದು ಇದೇ. ಡಾಕ್ಟರ್ ಸ್ಯೂಸ್ 1971ರಲ್ಲಿ ಬರೆದ ಪುಸ್ತಕದಲ್ಲಿ ಮರ ಕಡಿದವನ ಮುಖವೇ ಕಾಣುವುದಿಲ್ಲ, ಬರೀ ಕೈ ಕಾಣುತ್ತದೆ. ಯಾರ ಕೈ ಬೇಕಾದರೂ ಆಗಿರಬಹುದು. ಕೊನೆಯಲ್ಲಿ ಅವನು ಉಳಿದ ಒಂದೇ ಬೀಜವನ್ನು ಹುಡುಗನ ಕೈಗೆ ಹಾಕುತ್ತಾನೆ, ಪುಸ್ತಕ ಮುಗಿಯಿತು. ಮರ ಬಂತೋ ಇಲ್ಲವೋ ಗೊತ್ತಿಲ್ಲ. 2012ರ ಸಿನಿಮಾದವರು ಆ ಕೈಗೆ ಒಂದು ಚೆಂದದ ಮುಖ ಕೊಟ್ಟರು, ಗಾಳಿ ಮಾರುವ ಒಬ್ಬ ಕುಳ್ಳ ವ್ಯಾಪಾರಿಯನ್ನು ಖಳನಾಯಕ ಮಾಡಿದರು, ಬೀಜ ನೆಟ್ಟು ಹಾಡಿ ಮುಗಿಸಿದರು. ಸಾಲದ್ದಕ್ಕೆ ಲೊರ್ಯಾಕ್ಸ್ ಮಜ್ದಾ ಕಂಪನಿಯ ಎಸ್‌ಯುವಿ ಕಾರಿನ ಜಾಹೀರಾತಿಗೂ ಬಂದ. ಕಾಡಿನ ಪರವಾಗಿ ಮಾತಾಡುವ ಪಾತ್ರ ಕಾರು ಮಾರುವುದನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈಗ ಇದರ ಪಕ್ಕ ‘ಮೈ ನೇಬರ್ ಟೊಟೊರೊ’ ಇಟ್ಟು ನೋಡಿ. ಹಯಾವೊ ಮಿಯಾಝಾಕಿಯವರ 1988ರ ಸಿನಿಮಾ. ಅದರಲ್ಲಿ ಯಾರೂ ಮರ ಕಡಿಯುವುದಿಲ್ಲ. ಅಕ್ಕ ತಂಗಿ ಇಬ್ಬರಿಗೆ ಆಸ್ಪತ್ರೆಯಲ್ಲಿರುವ ಅಮ್ಮ ಮನೆಗೆ ಬರಬೇಕು, ಬೇಕಾಗಿರುವುದು ಅಷ್ಟೇ. ಆ ಕಾಯುವ ದಿನಗಳಲ್ಲಿ ಮನೆಯ ಪಕ್ಕದ ದೊಡ್ಡ ಮರ, ಅದರೊಳಗಿರುವ ಟೊಟೊರೊ ಅನ್ನುವ ಕಾಡಿನ ಜೀವಿಯ ಜೊತೆ, ಅವರ ಬದುಕಿನೊಳಗೆ ಬಂದುಬಿಡುತ್ತದೆ. ಕಥೆಗೆ ಪ್ರೇರಣೆಯಾದ ಟೋಕಿಯೋ ಬಳಿಯ ಸಯಾಮಾ ಗುಡ್ಡಗಳಲ್ಲಿ ಮನೆ ಕಟ್ಟಡ ಏಳತೊಡಗಿದಾಗ ಅಲ್ಲಿನ ಜನ 1990ರಲ್ಲಿ ಟೊಟೊರೊ ಹೆಸರಲ್ಲೇ ನಿಧಿ ಶುರುಮಾಡಿ, ಕಾಡಿನ ತುಂಡುಗಳನ್ನು ಒಂದೊಂದಾಗಿ ಕೊಂಡು ಉಳಿಸುತ್ತಾ ಬಂದರು. ಮಿಯಾಝಾಕಿಯವರೂ ಜೊತೆ ನಿಂತರು. ಒಂದು ಸಾಲಿನ ಉಪದೇಶವೂ ಇಲ್ಲದ ಸಿನಿಮಾದ ಹೆಸರಲ್ಲಿ ಕಾಡು ಉಳಿಯಿತು, ಉಪದೇಶದ ಸಿನಿಮಾ ಕಾರು ಮಾರಿತು.

‘ವಾಲ್-ಈ’ (2008) ಕೂಡ ಹೀಗೇ. ಭೂಮಿ ತುಂಬ ಕಸ, ಅದನ್ನು ಒತ್ತಿ ಇಟ್ಟಿಗೆ ಮಾಡಿ ಪೇರಿಸುವ ಒಂಟಿ ರೋಬೋಟ್. ಅದಕ್ಕೆ ಬೇಕಿರುವುದು ಭೂಮಿಯ ಉದ್ಧಾರ ಅಲ್ಲ. ಹಳೇ ಸಿನಿಮಾದ ಕ್ಯಾಸೆಟ್ಟಿನಲ್ಲಿ ಇಬ್ಬರು ಕೈ ಹಿಡಿದುಕೊಳ್ಳುವುದನ್ನು ನೋಡಿದೆ, ತಾನೂ ಯಾರದಾದರೂ ಕೈ ಹಿಡಿಯಬೇಕು. ಖಳನಾಯಕ ಅಂತ ಇರುವುದು ಒಂದು ಯಂತ್ರ, ಅದೂ ನೂರಾರು ವರ್ಷ ಹಿಂದೆ ಯಾರೋ ಕೊಟ್ಟ ಆದೇಶವನ್ನು ಸುಮ್ನೆ ಪಾಲಿಸುತ್ತಿರುವ ಯಂತ್ರ. ಇದು ನನಗೆ ತುಂಬ ಇಷ್ಟ, ಯಾಕೆಂದರೆ ನಿಜ ಜೀವನದಲ್ಲಿ ಹೆಚ್ಚಿನ ಹಾಳು ಹೀಗೇ ಆಗುವುದು.

ಕನ್ನಡದಲ್ಲಿ ಇಲ್ಲವಾ ಅಂತ ಕೇಳುತ್ತೀರಿ. ಇವೆ. ಅಭಯ ಸಿಂಹ ಅವರ ‘ಗುಬ್ಬಚ್ಚಿಗಳು’ ಸಿನಿಮಾದಲ್ಲಿ ಇಬ್ಬರು ಮಕ್ಕಳು ನಗರದಲ್ಲಿ ಗುಬ್ಬಚ್ಚಿ ಹುಡುಕಿಕೊಂಡು ಹೊರಡುತ್ತಾರೆ. ಒಂದು ಗುಬ್ಬಚ್ಚಿ ನೋಡಬೇಕು, ಎಷ್ಟು ಸಣ್ಣ ಆಸೆ! ರಿಷಬ್ ಶೆಟ್ಟಿಯವರ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರದ ಮೊದಲರ್ಧ ನನಗೆ ಬಹಳ ಹಿಡಿಸಿತು, ಅಲ್ಲಿ ಮಕ್ಕಳ ಜಗಳ, ತರಲೆ, ಪ್ರೀತಿ ಎಲ್ಲದರ ನಡುವೆ ಅವರ ಶಾಲೆ ಮುಚ್ಚುವ ಭಯ ಮೆಲ್ಲಗೆ ಒಳಗೆ ಬರುತ್ತದೆ. ಕೊನೆಗೆ ಅನಂತ್ ನಾಗ್ ಕೋರ್ಟಿನಲ್ಲಿ ಮಾತಾಡುವಾಗ ಚಪ್ಪಾಳೆ ಬೀಳುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಮಕ್ಕಳು ತಮ್ಮದೇ ಕಥೆಯಲ್ಲಿ ಪ್ರೇಕ್ಷಕರಾಗಿರುತ್ತಾರೆ. ದೊಡ್ಡವರು ಬಂದು ಬಿಡಿಸುವ ಗಂಟು ಮಕ್ಕಳ ಸಿನಿಮಾದ ಹಳೇ ಕಾಯಿಲೆ.

"ಸರಿ, ಇದನ್ನೆಲ್ಲ ನೋಡಿ ಮಕ್ಕಳು ಬದಲಾಗ್ತಾರಾ?" ಅಂತ ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ. 2016ರಲ್ಲಿ ‘ಫೈಂಡಿಂಗ್ ಡೋರಿ’ ಬಂದಾಗ, ಜನ ಮುಗಿಬಿದ್ದು ಅದರಲ್ಲಿನ ಡೋರಿಯಂಥ ನೀಲಿ ಮೀನನ್ನು ಮನೆಗೆ ಕೊಂಡೊಯ್ಯುತ್ತಾರೆ ಅಂತ ಗಾಬರಿ ಎದ್ದಿತ್ತು. ಆಕ್ಸ್‌ಫರ್ಡ್ ಸಂಶೋಧಕರ ತಂಡ ಲೆಕ್ಕ ಹಾಕಿ 2019ರಲ್ಲಿ ಹೇಳಿದ್ದು ಏನೆಂದರೆ ಆ ಮೀನಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿದವರು ಹೆಚ್ಚಾದರು, ಅಮೆರಿಕಕ್ಕೆ ಆಮದು ಹೆಚ್ಚಿದ್ದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಒಂದು ಸಿನಿಮಾದಿಂದ ಅಷ್ಟು ಸುಲಭವಾಗಿ ಹಾಳೂ ಆಗುವುದಿಲ್ಲ, ಉದ್ಧಾರವೂ ಆಗುವುದಿಲ್ಲ. ಹೆಚ್ಚೆಂದರೆ ಇನ್ನಷ್ಟು ತಿಳಿಯಬೇಕು ಅನ್ನಿಸುತ್ತದೆ. ಅದು ಸಣ್ಣದೇನಲ್ಲ.

ಹಾಗಾಗಿ ಸಿನಿಮಾ ಮುಗಿದ ಕೂಡಲೇ ಲೈಟ್ ಹಾಕಿ "ಇದರಿಂದ ಏನು ಕಲಿತೆ?" ಅಂತ ದಯವಿಟ್ಟು ಕೇಳಬೇಡಿ. ಮಕ್ಕಳು ಜಾಣರು, ನಿಮಗೆ ಬೇಕಾದ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತಾರೆ, "ಮರ ಕಡಿಯಬಾರದು ಮಿಸ್." ಸುಮ್ಮನಿದ್ದರೆ ತಾವೇ ಶುರುಮಾಡುತ್ತಾರೆ. ಅದು ಝಹ್ರಾಳದೇ ಶೂ ತಾನೇ, ಯಾಕೆ ಕೇಳಲಿಲ್ಲ? ಕೇಳಬೇಕಿತ್ತು ಅಂತ ಒಂದು ಮಗು ಅಂದರೆ ಇನ್ನೊಂದು ಜಗಳಕ್ಕೆ ಬೀಳುತ್ತದೆ. ಬೀಳಲಿ ಬಿಡಿ. ಯಾರ ಪರವೂ ತೀರ್ಪು ಕೊಡಬೇಡಿ.

ಚಿಕ್ಕವರಿಗೆ ಮೊದಲು ಟೊಟೊರೊ ಅಥವಾ ವಾಲ್-ಈ ತೋರಿಸಿ. ವಾಲ್-ಈ ಮೊದಲ ಭಾಗದಲ್ಲಂತೂ ಮಾತೇ ಇಲ್ಲ ಅನ್ನುವಷ್ಟು ಕಡಿಮೆ, ಭಾಷೆಯ ತೊಂದರೆ ಇರುವುದಿಲ್ಲ. ಸಬ್‌ಟೈಟಲ್ ಓದಲು ಬಾರದ ಮಕ್ಕಳಿಗೆ ‘ಚಿಲ್ಡ್ರನ್ ಆಫ್ ಹೆವನ್’ ಹಾಕಿದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ, ಅಣ್ಣ ತಂಗಿ ಎರಡನೇ ಸಲ ಶೂ ಬದಲಾಯಿಸಿಕೊಳ್ಳುವ ಹೊತ್ತಿಗೆ ನಿಮ್ಮ ಸಹಾಯ ಯಾರಿಗೂ ಬೇಕಾಗಿರುವುದಿಲ್ಲ. ಮಿಯಾಝಾಕಿಯವರದೇ ‘ಪ್ರಿನ್ಸೆಸ್ ಮೊನೊನೊಕೆ’ (1997) ಮಾತ್ರ ಹನ್ನೆರಡು ಹದಿಮೂರು ದಾಟಲಿ. ಕಾಡು ಕಡಿದು ಕಬ್ಬಿಣ ತೆಗೆಯುವ ಹೆಂಗಸೇ ಅಲ್ಲಿ ಕುಷ್ಠರೋಗಿಗಳಿಗೂ ವೇಶ್ಯಾಗೃಹದಿಂದ ಬಿಡಿಸಿ ತಂದ ಹೆಣ್ಣುಮಕ್ಕಳಿಗೂ ಆಸರೆ ಕೊಟ್ಟಿರುತ್ತಾಳೆ, ಯಾರನ್ನು ಬೈಯಬೇಕು ಅಂತ ದೊಡ್ಡವರಿಗೇ ತಿಳಿಯುವುದಿಲ್ಲ. ಬಾಣ ತಾಗಿ ಕೈ ಹಾರಿಹೋಗುವ ದೃಶ್ಯ ಬೇರೆ ಇದೆ, ಮೊದಲು ನೀವೊಬ್ಬರೇ ಕೂತು ನೋಡಿ.