ಬಂದವರ ಮಾತ್ ಹ್ಯಾಂಗ್ ಮುರೀಲಿ?

ಮಂಗಳವಾರ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಬಸ್ಸಿನಲ್ಲಿ ಕೂತರೂ ಅದೇ, ರಾತ್ರಿ ಮಲಗಿದರೂ ಅದೇ.

"ನೀ ಆಯ್ತಲ್ಲ ಅಂದಿ, ನಾ ಹೂಂ ಅಂದೆ. ಮನೀಗಿ ಬಂದವರ ಮಾತ್ ಹ್ಯಾಂಗ್ ಮುರೀಲಿ ತಂಗಿ?"

ಆಳಂದ ಕಡೆಯ ಒಂದು ಹಳ್ಳಿ. ತೊಗರಿ ಬೆಳೆಯುವ ಹೆಣ್ಣುಮಕ್ಕಳನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಬರುವುದು ಈ ತಿಂಗಳ ನನ್ನ ಕೆಲಸ. ಕಲಬುರಗಿ ತೊಗರಿ ಕಣಜ ಅಂತೀವಿ. ಆದರೆ ತೊಗರಿಯ ಮಾತು ಬಂದರೆ ಎಲ್ಲರೂ ಗಂಡಸರನ್ನೇ ಕೇಳುತ್ತಾರೆ. ಕಳೆ ತೆಗೆಯುವಾಗ, ಕೊಯ್ಯುವಾಗ ಹೊಲದಲ್ಲಿ ಬಗ್ಗಿದ ಬೆನ್ನುಗಳು ಮಾತ್ರ ಹೆಂಗಸರವು. ಅದಕ್ಕೇ ಈ ಕೆಲಸ ಆಸೆಪಟ್ಟು ಒಪ್ಪಿಕೊಂಡಿದ್ದೆ.

ತಯಾರಿ ಇಲ್ಲದೆ ಹೋದವಳಲ್ಲ ನಾನು. ಒಂದು ವಾರ ಕೂತು ಓದಿದ್ದೆ. ಟಿಎಸ್-3ಆರ್, ಜಿಆರ್‌ಜಿ-811, ಮಾರುತಿ, ಗುಳ್ಯಾಳ ಅಂತ ತಳಿಗಳ ಹೆಸರು ಬಾಯಿಪಾಠ ಆಗಿದ್ದವು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು ಗೊತ್ತಿತ್ತು. 2022ರ ನೆಟೆ ರೋಗದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೆ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದ ಆ ವರ್ಷವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಇಪ್ಪತ್ತೆರಡು ಪ್ರಶ್ನೆಗಳ ಹಾಳೆ ನಾನೇ ಬರೆದದ್ದು. ಒಳ್ಳೇ ಪ್ರಶ್ನೆಗಳು ಅಂತ ನಂಬಿದ್ದೆ.

ನಾನು ಮಾತಾಡಿಸಲು ಹೋದ ಆ ಮನೆಯ ಅವ್ವನಿಗೆ ಎಪ್ಪತ್ತು ದಾಟಿರಬೇಕು. ಮಗ ಬಾಗಿಲಲ್ಲೇ ನಿಂತಿದ್ದ. ಅವ್ವನನ್ನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಡುತ್ತಿದ್ದ. ಕೆಟ್ಟವನಲ್ಲ. ತಾಯಿಗೆ ಇದೆಲ್ಲ ತಿಳಿಯೋದಿಲ್ಲ ಅಂತ ನಂಬಿಕೊಂಡವನು. ಇಂಥ ಮಕ್ಕಳು ಮನೆಮನೆಯಲ್ಲೂ ಸಿಗುತ್ತಾರೆ. ಅವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅವನು ಎತ್ತು ನೋಡಲು ಹೋದ ಮೇಲೆ ಅವ್ವನೇ ಮಾತಾಡತೊಡಗಿದರು. ಆಗ ನಾನು ಹತ್ತನೇ ಪ್ರಶ್ನೆಗೆ ಬಂದಿದ್ದೆ.

"ಅವ್ವಾ, ನೆಟೆ ರೋಗ ಬಂದ ವರ್ಷ ನಿಮಗೂ ಭಾಳ ನಷ್ಟ ಆಯ್ತಲ್ಲರಿ?"

"ಹೂಂ."

ಬರೆದುಕೊಂಡೆ. ಮುಂದಿನ ಪ್ರಶ್ನೆಗೆ ಹೋದೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಫೋನಿನ ರೆಕಾರ್ಡಿಂಗ್ ಬಂದ್ ಮಾಡಿದೆ. ಅವ್ವ ಎದ್ದು ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟರು. ತಿನ್ನುತ್ತಾ ಹೊರಗೆ ನೋಡಿದೆ. ಹಿತ್ತಲಲ್ಲಿ ಕಣಿಕಿ ಬಣವಿ ಇತ್ತು, ದನಕ್ಕೆ ಹಾಕುವ ಜೋಳದ ಒಣ ದಂಟಿನದು. ಸುಮ್ನೆ ಕೇಳಿದೆ, "ಕಣಿಕಿ ಎಲ್ಲಿಂದ ತಂದೀರಿ ಅವ್ವಾ?"

"ಎಲ್ಲಿಂದ ತರ್ತೀವಿ? ತೊಗರಿ ಒಳಗೇ ಜೋಳ ಹಾಕ್ತೀವಿ. ನಮ್ಮತ್ತಿ ಕಾಲದಿಂದ ಹಿಂಗೇ. ಎರಡು ಸಾಲು ಜೋಳ, ಒಂದು ಸಾಲು ತೊಗರಿ. ಮಗ ಬ್ಯಾಡ ಅಂತಾನ, ನಾ ಬಿಡಂಗಿಲ್ಲ. ದನಕ್ಕ ಏನ್ ಹಾಕಲಿ? ನೆಟೆ ಬಂದ ವರ್ಷ ಎಲ್ಲರ ಹೊಲ ಹೋತು, ನಮ್ದು ಉಳೀತು. ತಗ್ಗಿನಾಗ ನೀರ್ ನಿಂತಲ್ಲಿ ಅಷ್ಟೇ ಹೋತು."

ನನ್ನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಅವ್ವಾ, ಈಗ ನಷ್ಟ ಆಯ್ತು ಅಂದ್ರಲ್ಲ?"

ಆಗ ಬಂದದ್ದು ಆ ಮಾತು. ನೀ ಆಯ್ತಲ್ಲ ಅಂದಿ, ನಾ ಹೂಂ ಅಂದೆ.

ಜೋಳದ ಅಕ್ಕಡಿಯಲ್ಲಿ, ಅಂದರೆ ಜೋಳದ ಸಾಲುಗಳ ನಡುವೆ, ಬಿತ್ತಿದ ತೊಗರಿಗೆ ನೆಟೆ ಕಮ್ಮಿ ಬರುತ್ತದೆ ಅನ್ನುವುದನ್ನು ಕೃಷಿ ಸಂಶೋಧನೆಗಳೂ ಹೇಳಿವೆ. ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಹೊಲದಲ್ಲಿ ಉಳಿದ ಹಳೇ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ವರ್ಷವೂ ಬರೀ ತೊಗರಿ ಬಿತ್ತಿದರೆ ಅದಕ್ಕೆ ಹಬ್ಬ. ಇದನ್ನು ನಾನು ಓದಿಕೊಂಡೇ ಹೋಗಿದ್ದೆ. ಎದುರಿಗೆ ಅದನ್ನೇ ಬದುಕಿದ ಹೆಣ್ಣುಮಗಳು ಕೂತಿದ್ದರು. ಅವರ ಬಾಯಿಂದ ಅದು ಬರದ ಹಾಗೆ ನೋಡಿಕೊಂಡವಳು ನಾನು! ಹಿತ್ತಲ ಕಡೆ ಕಣ್ಣು ಹಾಯದಿದ್ದರೆ ಅವರ ಹೆಸರಿನ ಮುಂದೆ 'ಭಾಳ ನಷ್ಟ' ಅಂತಲೇ ಉಳಿಯುತ್ತಿತ್ತು. ಮುಂದೆ ಯಾರೋ ಅದನ್ನು ಕೂಡಿಸಿ ಲೆಕ್ಕ ಹಾಕುತ್ತಿದ್ದರು.

ಅವ್ವ ಸುಳ್ಳು ಹೇಳಿದರು ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಅವರು ಮರ್ಯಾದೆ ಮಾಡಿದರು. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಕೊಟ್ಟ ಹಾಗೇ 'ಹೂಂ' ಕೂಡ ಕೊಡುತ್ತಾರೆ. ಪೆನ್ನು ಹಿಡಿದು ಬಂದವಳಿಗೆ 'ಇಲ್ಲ' ಅಂದರೆ ಅವಳ ಮುಖ ಸಣ್ಣದಾಗುತ್ತದೆ ಅನ್ನುವ ಕಾಳಜಿ ಅದು. ನಷ್ಟ ಆಗಿಲ್ಲ ಅಂದರೆ ಬಾಜೂ ಹೊಲದವರ ಪರಿಹಾರಕ್ಕೆ ಕುತ್ತು ಬಂದೀತು ಅನ್ನುವ ಅಳುಕೂ ಇದ್ದಿರಬಹುದು. ಆ ಊರಿಗೆ ಹಾಳೆ ಹಿಡಿದು ಬಂದವರಲ್ಲಿ ನಾನೇ ಮೊದಲಿನವಳಲ್ಲ.

ರಾತ್ರಿ ಮನೆಯಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಆ 'ಹೂಂ' ಎಷ್ಟು ಸಲ ಕೇಳಿದೆನೋ. ಅದಕ್ಕೂ ಮೊದಲು ಒಂದು ಉಸಿರಿನಷ್ಟು ತಡ ಇದೆ. ಏನೋ ಹೇಳಲು ಹೊರಟು ನಿಲ್ಲಿಸಿದ ಹಾಗೆ. ಅಷ್ಟರಲ್ಲಿ ನನ್ನ ಹಾಳೆ ತಿರುವಿದ ಸಪ್ಪಳ. ಇನ್ನು ಎರಡು ಉಸಿರು ಸುಮ್ಮನಿದ್ದಿದ್ದರೆ ಅವ್ವ ಹೇಳುತ್ತಿದ್ದರು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆಮೇಲೆ ನನ್ನ ಇಪ್ಪತ್ತೆರಡು ಪ್ರಶ್ನೆ ಎಣಿಸಿದೆ. ಹದಿಮೂರು 'ಅಲ್ಲರಿ', 'ಹೌದಲ್ಲ' ಅಂತಲೇ ಮುಗಿದಿದ್ದವು. ಉತ್ತರವನ್ನು ನಾನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ.

ನಮ್ಮ ಗುಂಪಿನಲ್ಲಿ ಒಬ್ಬರು ದಿನಕ್ಕೆ ಒಂಬತ್ತು ಮನೆ ಮುಗಿಸುತ್ತಾರೆ. ಎಲ್ಲರೂ ಅವರನ್ನು ಹೊಗಳುತ್ತಾರೆ. ನಾನೂ ಹೊಗಳಿದ್ದೆ. ಈಗ ಆ ಒಂಬತ್ತು ಮನೆಗಳಲ್ಲಿ ಎಷ್ಟು 'ಹೂಂ' ಬರೀ ಮರ್ಯಾದೆಯವು ಅಂತ ಯೋಚನೆ ಬರುತ್ತದೆ.

ಅಪ್ಪನ ನೆನಪಾಯಿತು. ಹೋದ ವರ್ಷ ಶುಗರ್ ತೋರಿಸಲು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಚೀಟಿ ಬರೆಯುತ್ತಲೇ ಕೇಳಿದರು, "ಗುಳಿಗಿ ಎರಡೂ ಹೊತ್ತು ತಗೋತಿದ್ದೀರಲ್ಲ?" ಅಪ್ಪ "ಹೂಂ ಸಾಹೇಬ್ರ" ಅಂದರು. ತಿಂಗಳಾದ ಮೇಲೆ ಗೊತ್ತಾಯಿತು. ಅಪ್ಪ ಒಂದೇ ಹೊತ್ತು ತಗೊಳ್ಳುತ್ತಿದ್ದರು. ಒಂದು ಪಟ್ಟಿ ಗುಳಿಗೆ ಇಮ್ಮಡಿ ದಿನ ಬರಲಿ ಅಂತ. ಆಗ ಅಪ್ಪನನ್ನು ಬೈದಿದ್ದೆ. ತಪ್ಪು ನನ್ನದೇ. ಬೈಯುವ ಬದಲು "ನಿನ್ನೆ ಯಾವ್ಯಾವ ಹೊತ್ತಿಗಿ ಗುಳಿಗಿ ತಗೊಂಡಿರಿ?" ಅಂತ ಯಾರಾದರೂ ಮುಖ ನೋಡಿ ಕೇಳಿದ್ದರೆ ಅಪ್ಪ ಹೇಳುತ್ತಿದ್ದರು. ಅವರು ಮುಚ್ಚಿಡುವ ಮನುಷ್ಯ ಅಲ್ಲವೇ ಅಲ್ಲ.

ಬುಧವಾರ ಹಾಳೆ ಹರಿದು ಹೊಸದಾಗಿ ಬರೆದೆ. ಇಪ್ಪತ್ತೆರಡು ಹೋಗಿ ಆರು ಪ್ರಶ್ನೆ ಉಳಿದವು. ನಮ್ಮ ಮೇಲಿನವರು ಒಪ್ಪುವುದು ಕಷ್ಟ ಅಂದುಕೊಂಡಿದ್ದೆ. ಅವರು ಆ 'ಹೂಂ' ಕೇಳಿಸಿಕೊಂಡರು, ಕಣಿಕಿ ಮಾತು ಕೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಗಿ ಬಾ" ಅಂದರು. ಅವರ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ಗುರುವಾರ ಸಂಜೆ ಅದೇ ಮನೆಗೆ ಹೋದೆ. ರಾಶಿ ಕೆಲಸ ಮುಗಿಸಿ ಹೆಂಗಸರು ಮನೆ ಸೇರುವ ಹೊತ್ತು ನೋಡಿಕೊಂಡೇ ಹೋದೆ. ಕೇಳಿದ್ದು ಒಂದೇ. "ಅವ್ವಾ, ನೆಟೆ ಬಂದ ವರ್ಷದ್ದು ಬಿತ್ತಿದ ದಿನದಿಂದ ಹೇಳ್ರಿ." ಹೇಳಿ ಬಾಯಿ ಮುಚ್ಚಿಕೊಂಡೆ. ಮಾತು ನಿಂತಾಗಲೂ ತುಂಬಲು ಹೋಗಲಿಲ್ಲ. ಅವ್ವ ಬೆರಳಲ್ಲಿ ನೆಲದ ಮೇಲೆ ಸಾಲು ಎಳೆದು ತೋರಿಸಿದರು. ಒಣಗಿದ ಗಿಡದ ಕಾಂಡ ಸೀಳಿದರೆ ಒಳಗೆ ಕರೀ ಗೆರೆ ಕಾಣುತ್ತಿದ್ದದ್ದು ಹೇಳಿದರು. ಕಾಯಿಕೊರಕ ಬಂದಾಗ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಹುಳ ಉದುರಿಸಿ ಕೋಳಿಗೆ ಹಾಕುತ್ತಿದ್ದ ಕಾಲದ ಬಗ್ಗೆ ಹೇಳಿದರು. ಮಗ ಈ ಸಲವೂ ಬಾಗಿಲಲ್ಲಿ ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಕೇಳುತ್ತಾ ನಿಂತಿದ್ದ. ಕೊನೆಗೆ ಹೊಸ್ತಿಲ ಮೇಲೆ ಕೂತೇಬಿಟ್ಟ.

ಹೊರಡುವಾಗ ಅವ್ವ ಕೈ ಹಿಡಿದರು. "ಎಳ್ಳಮವಾಸಿಗಿ ಹೊಲಕ್ಕ ಬಾ. ಚರಗ ಚೆಲ್ಲತೀವಿ, ಭಜ್ಜಿ ರೊಟ್ಟಿ ಉಂಡು ಹೋಗೀಯಂತ. ಬರ್ತಿಯಲ್ಲ?"

"ಹೂಂ ಅವ್ವಾ" ಅಂದೆ. ಬಸ್ಸು ಹತ್ತಿದ ಮೇಲೆ ಆ 'ಹೂಂ' ನನ್ನನ್ನೇ ಕಾಡಿತು. ಶುಕ್ರವಾರ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಅಮವಾಸ್ಯೆಯ ದಿನಕ್ಕೆ ರಜೆ ಬರೆದು ಕೊಟ್ಟೆ.